ನಂಬರ್ ಏಳಕ್ಕೆ ತೊಂಬತ್ತೊಂದು

ಆರು ವರ್ಷಗಳಿಂದ ಗೌರೀಶಂಕರ ಬದುಕುತ್ತಿದ್ದುದು ಚಂದ್ರಯ್ಯನ ನಾಲಿಗೆಯ ಮೇಲೆ.

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗೌರೀಶಂಕರ ಮ್ಯಾನೇಜರು, ಜೊತೆಗೆ ಹಂಗಾಮಿ ಹೆಡ್ ಟೇಸ್ಟರು. ಚಂದ್ರಯ್ಯ ಅಸಿಸ್ಟೆಂಟ್ ಟೇಸ್ಟರು. ತೋಟಗಳಿಂದ ಬಂದ ಕಾಫಿಯನ್ನು ಹುರಿದು, ಪುಡಿ ಮಾಡಿ, ಸಾಲು ಬಟ್ಟಲುಗಳಲ್ಲಿ ಬಿಸಿನೀರು ಹುಯ್ದು, ಚಮಚದಲ್ಲಿ ಎಳೆದು ನೋಡಿ ಇದು ಇಂಥ ದರ್ಜೆ ಎಂದು ಹೇಳುವುದು ಅವರ ಕೆಲಸ. ಹೇಳುತ್ತಿದ್ದವನು ಗೌರೀಶಂಕರ, ತಿಳಿದಿದ್ದವನು ಚಂದ್ರಯ್ಯ. ದಿನಕ್ಕೆ ಮೂವತ್ತು ಸಿಗರೇಟು ಸುಟ್ಟ ನಾಲಿಗೆಗೆ ಕಾಫಿಗೂ ಬೇವಿನ ಕಷಾಯಕ್ಕೂ ಇರುವ ವ್ಯತ್ಯಾಸ ಬಣ್ಣದಿಂದ ಮಾತ್ರ ಗೊತ್ತಾಗುತ್ತಿತ್ತು. ಆದ್ದರಿಂದ ಚಂದ್ರಯ್ಯ ಮೊದಲೇ ರುಚಿ ನೋಡಿ, ಅಂಕಗಳನ್ನು ಚೀಟಿಯಲ್ಲಿ ಬರೆದು, ಗೌರೀಶಂಕರನ ಸಾಸರಿನ ಕೆಳಗೆ ಸರಿಸಿಡಬೇಕು. ಗೌರೀಶಂಕರ ವರ್ತಕರ ಎದುರಿಗೆ ಬಟ್ಟಲು ಎತ್ತಿ, ಕಣ್ಣು ಅರ್ಧ ಮುಚ್ಚಿ, ಉಳಿದ ಅರ್ಧದಲ್ಲಿ ಚೀಟಿ ಓದಿ, ಇಂಗ್ಲಿಷಿನಲ್ಲಿ ತೀರ್ಪು ಹೇಳುತ್ತಿದ್ದ. ಆಮೇಲೆ ಆ ಚೀಟಿಯಿಂದಲೇ ಸಿಗರೇಟು ಹಚ್ಚಿ ಅದನ್ನು ಸುಟ್ಟುಬಿಡುತ್ತಿದ್ದ. ಮದರಾಸಿನವರೆಗೂ ಅವನ ನಾಲಿಗೆಯ ಹೆಸರು ಹೋಗಿತ್ತು.

"ನಾಲಿಗೆ ನಿಮ್ದು, ಇಂಗ್ಲಿಷು ನಂದು. ಕಂಪ್ನಿಗೆ ಎರಡೂ ಬೇಕಲ್ವೇನ್ರೀ ಚಂದ್ರಯ್ಯ?" ಎಂದು ಗೌರೀಶಂಕರ ಬೆನ್ನು ತಟ್ಟುತ್ತಿದ್ದ. ಚಂದ್ರಯ್ಯ ನಗುತ್ತಿದ್ದ. ಮಲ್ಲಿಪಟ್ಟಣದಿಂದ ಹತ್ತೊಂಬತ್ತು ವರ್ಷದ ಹಿಂದೆ ಮೂಟೆ ಲೆಕ್ಕ ಬರೆಯಲು ಬಂದು, ಮೂಗಿನ ಬಲದಿಂದ ಟೇಸ್ಟಿಂಗ್ ಕೋಣೆಗೆ ಏರಿದವನಿಗೆ ನಗುವುದು ಅಭ್ಯಾಸವಾಗಿತ್ತು.

ಸಾವಿರದ ಒಂಬೈನೂರ ಮೂವತ್ತೇಳರ ಡಿಸೆಂಬರಿನಲ್ಲಿ ಆ ನಗು ನಿಂತಿತು. ಜನವರಿಯಲ್ಲಿ ಮದರಾಸಿನಿಂದ ಡೈರೆಕ್ಟರ್ ದೊರೆ ಬಂದು ಗೌರೀಶಂಕರನನ್ನು ಕಾಯಂ ಹೆಡ್ ಟೇಸ್ಟರು ಮಾಡುತ್ತಾನೆಂದೂ, ಅಸಿಸ್ಟೆಂಟಿನ ಜಾಗಕ್ಕೆ ಗೌರೀಶಂಕರನ ಹೆಂಡತಿಯ ತಮ್ಮ ಬರುತ್ತಾನೆಂದೂ, ಚಂದ್ರಯ್ಯನಿಗೆ ಅಂಗಳದಲ್ಲಿ ಕೂತು ಬೀಜ ಆರಿಸುವ ಹೆಂಗಸರ ಮೇಲೆ ನಿಗಾ ಇಡುವ ಕೆಲಸವೆಂದೂ ಟೈಪಾದ ಕಾಗದವನ್ನು ಅವನೇ ಕಣ್ಣಾರೆ ನೋಡಿದ. ಕಾಯಂ ಆದವನ ನಾಲಿಗೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಇನ್ನು ಚೀಟಿ ಬೇಡ, ಚೀಟಿ ಬರೆಯುವವನೂ ಬೇಡ. ಇಡೀ ಜಿಲ್ಲೆಯಲ್ಲಿ ಕಣ್ಣು ಕಟ್ಟಿದರೂ ಬಾಳೆಹೊನ್ನೂರಿನ ಕಾಫಿ ಯಾವುದು, ಸಕಲೇಶಪುರದ್ದು ಯಾವುದು ಎಂದು ಹೇಳಬಲ್ಲ ಒಬ್ಬನೇ ಮನುಷ್ಯ, ಹೆಂಗಸರು ಕಲ್ಲು ಕಡ್ಡಿ ಬಿಟ್ಟರೇ ಎಂದು ನೋಡುತ್ತ ಬಿಸಿಲಲ್ಲಿ ಕೂರಬೇಕು.

ಅದೇ ವಾರ ಇಟಲಿಯಿಂದ ಮರದ ಪೆಟ್ಟಿಗೆಯೊಂದು ಬಂತು.

ಟ್ರಿಯೆಸ್ಟ್ ಬಂದರಿನ ಕಾಫಿ ವರ್ತಕನೊಬ್ಬ ವರ್ಕ್ಸಿನ ಹಳೆಯ ಗಿರಾಕಿ. ಅವನ ಭಾವನಿಗೆ ದ್ರಾಕ್ಷಿ ತೋಟವೂ ವೈನು ಮಾಡುವ ಮನೆಯೂ ಇದ್ದವು. ಆ ಒಂದೇ ಮನೆಯ ಕೆಂಪು ವೈನು, ಇಪ್ಪತ್ತನಾಲ್ಕನೆಯ ಇಸವಿಯಿಂದ ಮೂವತ್ತೈದರವರೆಗೆ, ವರ್ಷಕ್ಕೊಂದರಂತೆ ಹನ್ನೆರಡು ಸೀಸೆ. ಜೊತೆಗೆ ಕಾಗದ: 'ಕಾಫಿಯ ರುಚಿ ಇಷ್ಟು ಚೆನ್ನಾಗಿ ಹೇಳುವ ನಿಮ್ಮ ಹೆಡ್ ಟೇಸ್ಟರು ಇವುಗಳನ್ನೂ ಸವಿದು ಅಂಕ ಕೊಡಬೇಕು. ಯಾವ ವರ್ಷದ್ದು ಮೇಲೆಂದು ತಿಳಿದರೆ ಅದನ್ನು ನಿಮ್ಮ ಕಡೆಯ ಪ್ಲಾಂಟರುಗಳ ಕ್ಲಬ್ಬುಗಳಿಗೆ ಕಳಿಸುವ ಆಲೋಚನೆಯಿದೆ. ಸೀಸೆಗಳ ಬಿರಡೆಯನ್ನು ಕುಡಿಯುವುದಕ್ಕೆ ನಾಲ್ಕು ಗಂಟೆ ಮೊದಲೇ ತೆಗೆದಿಡಬೇಕು.'

ದೊರೆ ಬರುವ ದಿನವೇ ಇದನ್ನೂ ಮುಗಿಸುವುದೆಂದು ಗೌರೀಶಂಕರ ಗೊತ್ತುಮಾಡಿದ. ಸಾಯಂಕಾಲ ನಾಲ್ಕಕ್ಕೆ ಕ್ಲಬ್ಬಿನಲ್ಲಿ ಅಂಕ ಕೊಡುವುದು; ಏಳಕ್ಕೆ ಊಟ; ಹೆಚ್ಚು ಅಂಕ ಬಂದ ಸೀಸೆ ಊಟಕ್ಕೆ. ಸೀಸೆ ತೆರೆಯುವುದು, ಹೆಸರು ಕಾಣದಂತೆ ಬಟ್ಟೆ ಸುತ್ತಿ ನಂಬರು ಹಾಕುವುದು, ಬಗ್ಗಿಸಿ ಕೊಡುವುದು ಚಂದ್ರಯ್ಯನಿಗೆ. ಚೀಟಿ ಬರೆಯುವುದಂತೂ ಇದ್ದೇ ಇತ್ತು.

"ಇದೊಂದು ಕೊನೇ ಸಲ. ಆಮೇಲೆ ನೀವು ಆರಾಮಾಗಿ ಹೊರಗಡೆ ಗಾಳೀಲಿ ಕೂತ್ಕೊಳಿ," ಎಂದ ಗೌರೀಶಂಕರ. ಚಂದ್ರಯ್ಯ ತಲೆ ಆಡಿಸಿದ. ತಲೆ ಆಡಿಸುವಾಗಲೇ ಉಪಾಯ ಹೊಳೆಯಿತು.

ಕೊಲ್ಲುವ ವಿಚಾರ ಅವನಿಗೆ ಬರಲಿಲ್ಲ. ಕೊಲೆ ಒರಟು ಕೆಲಸ, ಅದರಲ್ಲಿ ನಾಲಿಗೆಗೆ ಕೆಲಸವಿಲ್ಲ. ಗೌರೀಶಂಕರನ ಹೆಸರನ್ನು ಕೊಂದರೆ ಸಾಕು. ಹಾಳಾದ ವೈನನ್ನು ಅವನೇ ಎಲ್ಲಕ್ಕಿಂತ ಮೇಲೆಂದು ಹೇಳಬೇಕು, ಅದನ್ನು ಅವನೇ ದೊರೆಗೆ ಕುಡಿಸಬೇಕು, ಅದರ ಫಲವನ್ನು ಇಬ್ಬರೂ ಬೆಳಗಿನ ಜಾವ ಅನುಭವಿಸಬೇಕು. ಆಗ ದೊರೆ ಇನ್ನೊಂದು ಕಾಗದವನ್ನು ತೆರೆಯುತ್ತಾನೆ.

ಆ ಇನ್ನೊಂದು ಕಾಗದವೇ ಉಪಾಯದ ಜೀವ. ವರ್ಕ್ಸಿನಲ್ಲಿ ಹಳೆಯ ಪದ್ಧತಿಯೊಂದಿತ್ತು: ಪ್ರತಿ ಸರಕಿಗೂ ಅಸಿಸ್ಟೆಂಟು ತನ್ನ ಅಂಕಗಳನ್ನು ಬೇರೆಯಾಗಿ ಬರೆದು, ಅರಗು ಹಾಕಿದ ಲಕೋಟೆಯಲ್ಲಿ ಫೈಲಿಗೆ ಸೇರಿಸಬೇಕು. ಗಿರಾಕಿ ತಕರಾರು ತೆಗೆದರೆ ಮಾತ್ರ ಅದನ್ನು ಒಡೆದು ನೋಡುವುದು. ಆರು ವರ್ಷ ಚೀಟಿಯೂ ಲಕೋಟೆಯೂ ಒಂದೇ ಆಗಿದ್ದರಿಂದ ತಕರಾರೇ ಬಂದಿರಲಿಲ್ಲ. ಗೌರೀಶಂಕರ ಲಕೋಟೆ ಎನ್ನುವುದೊಂದಿದೆ ಎಂಬುದನ್ನೇ ಮರೆತಿದ್ದ. ಈ ಸಲ ಚೀಟಿ ಒಂದು ಹೇಳುತ್ತದೆ, ಲಕೋಟೆ ಇನ್ನೊಂದು. ಚೀಟಿಯಲ್ಲಿ ಆ ಸೀಸೆಗೆ ತೊಂಬತ್ತೊಂದು. ಲಕೋಟೆಯಲ್ಲಿ: 'ಇಪ್ಪತ್ತೆರಡು. ಕೆಟ್ಟಿದೆ. ಕುಡಿಯಲು ಯೋಗ್ಯವಲ್ಲ.' ಮೊದಲೇ ಏಕೆ ಹೇಳಲಿಲ್ಲ ಎಂದು ದೊರೆ ಕೇಳಿದರೆ ಉತ್ತರವೂ ಪದ್ಧತಿಯಲ್ಲೇ ಇತ್ತು: ಹೆಡ್ ಟೇಸ್ಟರು ಮಾತಾಡುವಾಗ ಅಸಿಸ್ಟೆಂಟು ಬಾಯಿ ತೆರೆಯಕೂಡದು.

ಔಷಧ ಸೋನಾಮುಖಿ ಎಲೆ. ನಾರುಬೇರು ಮಾರುವ ಗ್ರಂಥಿಗೆ ಅಂಗಡಿಗಳಲ್ಲಿ ಮಲಬದ್ಧತೆಗೆ ಕೊಡುವ ಸಾಧು ಸೊಪ್ಪು. ಯಾರೂ ಸಾಯುವುದಿಲ್ಲ, ಎಂಟು ಗಂಟೆ ಸುಮ್ಮನಿದ್ದು ಆಮೇಲೆ ಕೆಲಸ ತೋರಿಸುತ್ತದೆ. ಒಂದೇ ಕಡೆ ಕೊಂಡರೆ ಅಂಗಡಿಯವನು ನೆನಪಿಟ್ಟುಕೊಂಡಾನು ಎಂದು ಚಂದ್ರಯ್ಯ ಭಾನುವಾರಕ್ಕೊಂದು ಊರು ಹಿಡಿದ. ಹೊಳೆನರಸೀಪುರದಲ್ಲಿ ಅತ್ತೆಯ ಹೆಸರಿನಲ್ಲಿ ಕೊಂಡ, ಚನ್ನರಾಯಪಟ್ಟಣದಲ್ಲಿ ಭಾವಮೈದನ ಹೆಸರಿನಲ್ಲಿ, ಅರಕಲಗೂಡಿನಲ್ಲಿ ಮಾವನ ಹೆಸರಿನಲ್ಲಿ.

"ಎಷ್ಟ್ ದಿನ ಆಯ್ತು ಸ್ವಾಮಿ, ನಿಮ್ಮಾವ್ನೋರ್ಗೆ?" ಎಂದು ಅರಕಲಗೂಡಿನ ಅಂಗಡಿಯವನು ಕಳಕಳಿಯಿಂದ ಕೇಳಿದ.

"ನಾಕು ದಿನ."

"ಅಯ್ಯೋ ಶಿವ್ನೆ! ಅಂಗಾರೆ ಇನ್ನೊಂದ್ ಹಿಡಿ ತಗಂಡೋಗಿ. ಕಲ್ಲಿದ್ರೂ ಕರಗ್ಬುಡ್ತದೆ."

ಹೆಂಡತಿಯ ತವರಿನವರ ಹೊಟ್ಟೆಗಳನ್ನೆಲ್ಲ ಮೂರು ತಾಲ್ಲೂಕುಗಳಲ್ಲಿ ಕಟ್ಟಿಸಿ ಬಂದ ಚಂದ್ರಯ್ಯ, ಎಲೆಗಳನ್ನು ಟೇಸ್ಟಿಂಗ್ ಕೋಣೆಯ ಒಲೆಯ ಮೇಲೆಯೇ ಕುದಿಸಿ, ಇಳಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ, ಒಂದು ಮಸಿಬುಡ್ಡಿಯಷ್ಟು ಕಪ್ಪು ರಸ ಮಾಡಿಟ್ಟ. ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದ. ಮೊದಲು ಮಣ್ಣು, ಆಮೇಲೆ ಕಹಿ, ಕೊನೆಗೆ ಒಗರು. ಕೆಟ್ಟ ರುಚಿಯೇನಲ್ಲ, ಜೊತೆಗಾರ ಸಿಕ್ಕರೆ ಅಡಗಬಲ್ಲ ರುಚಿ.

ಮನೆಯಲ್ಲಿ ತೊಂದರೆ ಬೇರೆ ಥರದ್ದು. ಅವನು ವೈನು ಸವಿಯಲಿರುವ ಸುದ್ದಿ ಹೆಂಡತಿ ನೀಲಾಂಬಿಕೆಗೆ ಗೊತ್ತಾಗಿತ್ತು.

"ಏನೂಂದ್ರೆ, ಕೊರಳಲ್ಲಿ ಲಿಂಗ ಕಟ್ಕಂಡು ಆ ಸಾರಾಯಿ ಬಾಯಿಗಾಕ್ತೀರಾ?"

"ಸಾರಾಯಲ್ಲ ಕಣೆ, ವೈನು. ಬಾಯಿಗೆ ಹಾಕೋದು ಕಂಪ್ನಿ ಕೆಲ್ಸ."

"ನಮ್ಮಪ್ಪಾರು ಹೊಗೆಸೊಪ್ಪಿನ ಅಂಗಡಿ ಇಟ್ಟಿದ್ರು. ಅಂಗಂತ ಒಂದಿನಾನೂ ಬೀಡಿ ಸೇದ್ಲಿಲ್ಲ."

"ನಿಮ್ಮಪ್ಪನ್ನ ಯಾರೂ ಹೆಡ್ ಟೇಸ್ಟರು ಮಾಡ್ತೀವಿ ಅನ್ಲಿಲ್ಲ."

"ನಿಮ್ಗೆ ಅಂದವ್ರಾ?"

"ಅಂತಾರೆ," ಎಂದ ಚಂದ್ರಯ್ಯ. ಅವನ ದನಿಯಲ್ಲಿ ಇದ್ದ ಶಾಂತಿ ಕೇಳಿ ನೀಲಾಂಬಿಕೆ ಎದ್ದು ಒಲೆಯ ಕಡೆ ಹೋದಳು.

ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಚಂದ್ರಯ್ಯ ಒಬ್ಬನೇ ಬಾಗಿಲು ಹಾಕಿಕೊಂಡು ಹನ್ನೆರಡು ಬಿರಡೆ ಎಳೆದ. ವೈನು ಎಂಬುದನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಆದರೂ ಮೂರನೆಯ ಸೀಸೆಗೆ ಬರುವಷ್ಟರಲ್ಲಿ ಅವನಿಗೆ ಆ ತೋಟದ ಗುಟ್ಟು ತಿಳಿಯಿತು. ಒಂದೇ ನೆಲ, ಒಂದೇ ಕೈ. ಮಳೆ ಮಾತ್ರ ವರ್ಷಕ್ಕೊಂದು ಥರ. ಇಪ್ಪತ್ತಾರರದು ನೀರು ಕುಡಿದ ಹಣ್ಣು. ಇಪ್ಪತ್ತೊಂಬತ್ತರದು ಪೂರಾ ಮಾಗಿದ್ದು. ಹುಳಿ, ಒಗರು, ಮೈ ಮೂರೂ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ನಿಂತಂತಿತ್ತು. ಅದಕ್ಕೆ ಎಂಬತ್ತೆಂಟು ಕೊಡದೆ ವಿಧಿಯಿಲ್ಲ ಎನ್ನಿಸಿ ಅವನಿಗೆ ಒಂದು ಕ್ಷಣ ತನ್ನ ಕಸುಬಿನ ಮೇಲೆ ಪ್ರೀತಿ ಉಕ್ಕಿತು. ಅದರ ಮುಂದಿನದು, ನಂಬರ್ ಏಳು, ಮೂವತ್ತನೆಯ ಇಸವಿಯದು: ಕಪ್ಪು, ದಪ್ಪ, ಸಿಡುಕು, ಕೊನೆಯಲ್ಲಿ ಕಹಿ. ಸೋನಾಮುಖಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಸಿಗುವಂತಿರಲಿಲ್ಲ. ಅದರಲ್ಲಿ ಸ್ವಲ್ಪವನ್ನು ಕಿಟಕಿಯಿಂದ ದಾಸವಾಳದ ಬುಡಕ್ಕೆ ಚೆಲ್ಲಿ, ಮಸಿಬುಡ್ಡಿಯ ರಸ ಹುಯ್ದು, ಸೀಸೆಯನ್ನು ಮೆಲ್ಲಗೆ ತಿರುಗಿಸಿದ. ಸವಿದು ನೋಡಿದ. ಗಂಡ ಯಾರು, ಹೆಂಡತಿ ಯಾರು, ತಿಳಿಯುತ್ತಿರಲಿಲ್ಲ.

ನಾಲ್ಕು ಗಂಟೆಗೆ ನಾಲ್ವರು ದೊಡ್ಡ ಮೇಜಿನ ಸುತ್ತ ಕೂತರು. ಡೈರೆಕ್ಟರ್ ದೊರೆ, ಗೌರೀಶಂಕರ, ದಂಡಿಗನಹಳ್ಳಿಯ ದೊಡ್ಡ ಜಮೀನುದಾರನೂ ಕ್ಲಬ್ಬಿನ ಮೆಂಬರೂ ಆದ ಪುಟ್ಟರಾಜು, ಊರಿನ ಡಾಕ್ಟರು ತಮ್ಮಯ್ಯ. ಚಂದ್ರಯ್ಯನಿಗೆ ಗೋಡೆಯ ಪಕ್ಕ ಸಣ್ಣ ಮೇಜು. ನೂರಕ್ಕೆ ಅಂಕ, ಮೂವತ್ತೈದು ಬಂದರೆ ಪಾಸು ಎಂದು ಗೌರೀಶಂಕರ ನಿಯಮ ಓದಿದ. ಇಟಲಿಯ ವೈನು ಮೈಸೂರು ಸೀಮೆಯಲ್ಲಿ ಪರೀಕ್ಷೆಗೆ ಕೂತಿತು.

ಪ್ರತಿ ಸೀಸೆಯನ್ನೂ ಐದು ಗ್ಲಾಸಿಗೆ ಬಗ್ಗಿಸಿ, ನಾಲ್ಕನ್ನು ದೊಡ್ಡ ಮೇಜಿಗಿಟ್ಟು, ಚೀಟಿ ಸರಿಸಿ, ಚಂದ್ರಯ್ಯ ತನ್ನ ಜಾಗಕ್ಕೆ ಹಿಂತಿರುಗುತ್ತಿದ್ದ. ಎಳೆದ, ತಿರುವಿದ, ಉಗಿದ, ಬರೆದ. ಮುಂದಿನ ಸೀಸೆಗೆ ಎದ್ದ. ಅವನ ಗಮನವೆಲ್ಲ ದೊಡ್ಡ ಮೇಜಿನ ಮೇಲಿತ್ತು. ಗೌರೀಶಂಕರ ಯಾವುದೋ ಪುಸ್ತಕದಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದರಲ್ಲಿ ಒಣಗಿದ ಗುಲಾಬಿ ಕಂಡ, ಇನ್ನೊಂದರಲ್ಲಿ ಹಳೆಯ ಚರ್ಮ, ಮತ್ತೊಂದರಲ್ಲಿ ಮಳೆ ನಿಂತ ಕಾಡು. ಕಂಡದ್ದನ್ನೆಲ್ಲ ಗುಟುಕರಿಸಿದ.

"ಸರ್ಮ ಅಂದ್ರಲ್ಲ, ಅದು ನಿಜ ಕಣ್ರೀ," ಎಂದ ಪುಟ್ಟರಾಜು, ಐದನೆಯ ಗ್ಲಾಸು ಬರಿದು ಮಾಡಿ. "ನಮ್ ಗಾಡಿ ಎತ್ತಿನ ಕೊಳ್ಪಟ್ಟಿ ಒದ್ದೆ ಆದಾಗ ಇಂಗೇ ನಾತ ಹೊಡೀತದೆ. ಬರ್ಕಳಿ, ಎಪ್ಪತ್ತು."

"ನಾತಕ್ಕೆ ಎಪ್ಪತ್ತೇನಯ್ಯ?" ಎಂದ ತಮ್ಮಯ್ಯ.

"ಒಳ್ಳೇ ಎತ್ತು ಡಾಕ್ಟ್ರೇ, ಅದು."

ನಂಬರ್ ಏಳು ಬಂತು. ದೊರೆ ಒಂದು ಗುಟುಕು ನುಂಗಿ ಹುಬ್ಬು ಗಂಟು ಹಾಕಿದ. ಡಾಕ್ಟರು ಸೊಟ್ಟ ಮೋರೆ ಮಾಡಿ ನಲವತ್ತು ಎಂದು ಬರೆದ. ಪುಟ್ಟರಾಜು ಗ್ಲಾಸನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಗೌರೀಶಂಕರ ಚೀಟಿ ನೋಡಿದ, ಗ್ಲಾಸು ನೋಡಿದ, ಮತ್ತೆ ಚೀಟಿ ನೋಡಿದ. ಆರು ವರ್ಷದಲ್ಲಿ ಚೀಟಿ ಒಮ್ಮೆಯೂ ತಪ್ಪಿರಲಿಲ್ಲ.

"ತೊಂಬತ್ತೊಂದು," ಎಂದ. "ಈ ಕಹಿ ಇದೆಯಲ್ಲ, ಇದೇ ಇದರ ಕುಲೀನತೆ. ಸಾಮಾನ್ಯರಿಗೆ ಹಿಡಿಸುವುದಿಲ್ಲ."

ಸಾಮಾನ್ಯರಾಗಲು ಯಾರಿಗೂ ಇಷ್ಟವಿರಲಿಲ್ಲ. ಡಾಕ್ಟರು ನಾಲ್ಕನ್ನು ಎಂಟು ಮಾಡಿದ. ಪುಟ್ಟರಾಜು ತನಗೂ ಹಾಗೇ ಅನ್ನಿಸಿತ್ತೆಂದು ಎಂಬತ್ತೈದು ಕೊಟ್ಟ. ದೊರೆ ಇನ್ನೊಂದು ಗುಟುಕು ಕುಡಿದು, ನಿಜ, ಎರಡನೆಯ ಸಲಕ್ಕೆ ಹಿಡಿಸುತ್ತದೆ ಎಂದ. ಗೋಡೆಯ ಪಕ್ಕದಲ್ಲಿ ಚಂದ್ರಯ್ಯ ತನ್ನ ಕಾಗದದಲ್ಲಿ ಇಪ್ಪತ್ತೆರಡು ಎಂದು ಬರೆದು, ಅಕ್ಷರಗಳನ್ನು ದುಂಡಗೆ ತಿದ್ದಿದ.

ಊಟಕ್ಕೆ ಅವನಿಗೆ ಕರೆ ಇರಲಿಲ್ಲ. ಲಕೋಟೆಗೆ ಅರಗು ಹಾಕಿ, ಆ ದಿನದ ಫೈಲಿನಲ್ಲಿಟ್ಟು, ಫೈಲನ್ನು ದೊರೆ ಇಳಿದುಕೊಂಡಿದ್ದ ಬಂಗಲೆಗೆ ಕಳಿಸಿ, ಮನೆಗೆ ನಡೆದ. ನಂಬರ್ ಏಳು ಮೇಜಿನ ತಲೆಯಲ್ಲಿ ಕೂತಿದ್ದನ್ನು ಕಿಟಕಿಯಿಂದ ನೋಡಿಯೇ ಹೊರಟಿದ್ದ.

ದಾರಿಯಲ್ಲಿ ಉಪಾಯವನ್ನು ಮತ್ತೊಮ್ಮೆ ಮೊದಲಿಂದ ಕೊನೆಯವರೆಗೆ ಬಾಯಲ್ಲಿ ತಿರುವಿ ನೋಡಿದ. ಎಲ್ಲೂ ಕಲ್ಲು ಸಿಗಲಿಲ್ಲ. ಒಂದೇ ಒಂದು ಕಡೆ ಸ್ವಲ್ಪ ಒಗರು: ನಾಳೆ ನಾಲ್ವರೂ ಮಲಗಿ, ಅದೇ ಹನ್ನೆರಡು ಸೀಸೆಯನ್ನು ಅದೇ ಹೊತ್ತಿನಲ್ಲಿ ಸವಿದ ಐದನೆಯವನು ನೆಟ್ಟಗೆ ಓಡಾಡುತ್ತಿದ್ದರೆ ಯಾರಾದರೂ ಕೈ ತೋರಿಸಬಹುದು. ಬೇರೆ ಯಾರಾದರೂ ಅಷ್ಟು ದೂರ ಯೋಚಿಸುತ್ತಿರಲಿಲ್ಲ; ಚಂದ್ರಯ್ಯ ಯೋಚಿಸಿದ. ಎಚ್ಚರಿಕೆಯ ಮೇಲೊಂದು ಎಚ್ಚರಿಕೆ. ತಾನೂ ಕಾಯಿಲೆ ಬೀಳಬೇಕು.

ಬೆಳಕು ಹರಿಯುವ ಮೊದಲೇ ಶುರುಮಾಡಿದ. ಚೊಂಬು ಹಿಡಿದು ಹಿತ್ತಲಿಗೆ ಮೊದಲ ಸಲ ಹೋದಾಗ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ಸಲ ಬಾಗಿಲನ್ನು ಜೋರಾಗಿ ತೆರೆದ. ಮೂರನೆಯ ಸಲ ಪಕ್ಕದ ಮನೆಯವರು ಕೇಳುವಂತೆ ನರಳಿದ. ಎಂಟು ಗಂಟೆಯ ಹೊತ್ತಿಗೆ ಕಂಬಳಿ ಹೊದ್ದು, ಬೂದಿ ಹಚ್ಚಿಕೊಂಡ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಸಿಕೊಂಡು, ಗಂಜಿ ಬೇಡವೆಂದು ತಳ್ಳಿ, ವರ್ಕ್ಸಿಗೆ ಹೇಳಿ ಕಳಿಸಿದ. ಹಸಿವಾಗುತ್ತಿತ್ತು. ಅದನ್ನೂ ಮುಖದಲ್ಲಿ ನೋವಿನ ಲೆಕ್ಕಕ್ಕೆ ಸೇರಿಸಿಕೊಂಡ.

"ಲಿಂಗ ಕಟ್ಕಂಡೋರು ಅದ್ನ ಮುಟ್ಬಾರ್ದು ಅಂದೆ. ಕೇಳ್ದ್ರಾ?" ಎಂದು ನೀಲಾಂಬಿಕೆ ಅಳುತ್ತ ಬೈದಳು. ಹೆಂಡತಿಯೇ ನಂಬಿದಳು ಎಂದರೆ ಇನ್ನು ಊರು ಯಾವ ಲೆಕ್ಕ ಎಂದು ಅವನು ಕಂಬಳಿಯೊಳಗೆ ಸಮಾಧಾನಪಟ್ಟ.

ಹನ್ನೊಂದರ ಹೊತ್ತಿಗೆ ಡಾಕ್ಟರು ತಮ್ಮಯ್ಯ ಬಂದ. ಕಣ್ಣು ಗುಳಿ ಬಿದ್ದಿದ್ದವು. ಹೊಸಿಲು ದಾಟಿದವನೇ ಗೋಡೆ ಹಿಡಿದು ಕುರ್ಚಿಯ ಮೇಲೆ ಕುಸಿದ.

"ಏಳ್ ಸಲ ಕಣಯ್ಯ, ಏಳ್ ಸಲ! ಪುಟ್ಟರಾಜ ದಂಡಿಗನಹಳ್ಳಿಗೆ ಒಂಟಿದ್ದೋನು ದಾರೀಲೇ ಮೂರ್ ಕಡೆ ಗಾಡಿ ನಿಲ್ಲಿಸ್ದ್ನಂತೆ. ದೊರೆ ಬೆಳಕರಿಯೋಗಂಟ ಬಂಗ್ಲೆ ಕಕ್ಕಸು ಬುಟ್ ಈಚೆಗೇ ಬರ್ಲಿಲ್ಲ. ನಿಂದು?"

"ಎಂಟಾಯ್ತು ಡಾಕ್ಟ್ರೇ," ಎಂದು ಚಂದ್ರಯ್ಯ ಸಣ್ಣ ದನಿಯಲ್ಲಿ ಹೇಳಿದ. ಒಂದು ಹೆಚ್ಚಿಗೇ ಇರಲಿ.

"ನಾಡಿ ಗಟ್ಟಿಗೈತಲ್ಲ," ಎಂದು ತಮ್ಮಯ್ಯ ಕೈ ಹಿಡಿದು ನೋಡಿ, "ಇರ್ಲಿ, ಒಳ್ಳೇ ದೇಹ. ಸಂತೋಷದ ಸುದ್ದಿ ತಂದಿವ್ನಿ, ಎದ್ ಕೂತ್ಕೋ. ದೊರೆ ನಿನ್ನ ಲಕೋಟೆ ಒಡ್ದ. ಇಪ್ಪತ್ತೆರಡು, ಕುಡಿಯಕ್ಕೆ ಯೋಗ್ಯವಲ್ಲ! ಓದ್ದೋನೇ ಗೌರೀಶಂಕರನ್ನ ಕರೆಸ್ದ. ಅವ್ನು ಹೊಟ್ಟೆ ಇಡ್ಕಂಡೇ ಬಂದ. ಚೀಟಿ ವಿಚಾರ ಎಲ್ಲಾ ಬಾಯ್ಬಿಟ್ಟು, ನೀನೇ ತೊಂಬತ್ತೊಂದು ಅಂತ ಬರ್ಕೊಟ್ಟೆ ಅಂದ. ದೊರೆ ನಂಬ್ಲಿಲ್ಲ. ಚೀಟಿ ಎಲ್ಲೈತೆ ಅಂದ್ರೆ, ಸಿಗರೇಟು ಅಚ್ಚಿ ಸುಟ್ಬುಟ್ಟೆ ಅಂತಾನೆ! ಮಧ್ಯಾಹ್ನದ ರೈಲಿಗೆ ಅವ್ನು ಗಂಟುಮೂಟೆ."

ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಂದ್ರಯ್ಯ ಕಷ್ಟದಿಂದ ಏಳುವವನಂತೆ ಎದ್ದು ಕೂತ. ತಮ್ಮಯ್ಯ ಕೋಟಿನ ಜೇಬಿನಿಂದ ಉದ್ದನೆಯ ಕಾಗದ ತೆಗೆದ.

"ಹೆಡ್ ಟೇಸ್ಟರು, ಕಾಯಂ. ನಿನ್ ಕೈಗೇ ಕೊಡು ಅಂದವ್ರೆ. ಇಂಗ್ಲೀಸಲ್ಲೈತೆ, ನಾನೇ ಓದ್ ಹೇಳ್ತೀನಿ, ನಿಮ್ಮನೆಯೋರೂ ಕೇಳ್ಲಿ," ಎಂದು ಕನ್ನಡಕ ಏರಿಸಿ, ಸಾಲಿಗೊಂದು ಬೆರಳಿಟ್ಟು ಕನ್ನಡ ಮಾಡುತ್ತ ಹೋದ. "'ಈ ಮನುಷ್ಯನನ್ನು ಆರಿಸಲು ಅವನ ಲಕೋಟೆ ಎರಡನೆಯ ಕಾರಣ. ಮೊದಲನೆಯದನ್ನು ನಾನು ನಿನ್ನೆ ಸಾಯಂಕಾಲವೇ ಕಂಡೆ. ನಾವು ನಾಲ್ವರು ದೊಡ್ಡ ಮನುಷ್ಯರು ಕೊಟ್ಟದ್ದನ್ನೆಲ್ಲ ಕುಡಿಯುತ್ತಿದ್ದಾಗ, ಇವನೊಬ್ಬನೇ ಲಂಡನ್ನಿನ ನುರಿತ ಕಸುಬುದಾರರ ಹಾಗೆ ಹನ್ನೆರಡು ಸೀಸೆಯನ್ನೂ ಬಾಯಲ್ಲಿ ತಿರುವಿ ಕಾಲ ಬಳಿಯ ಹಿತ್ತಾಳೆ ಪಾತ್ರೆಗೆ ಉಗಿದ. ನಾನು ಎಣಿಸುತ್ತಿದ್ದೆ. ಒಂದು ಹನಿಯೂ...'" ತಮ್ಮಯ್ಯನ ಬೆರಳು ಅಲ್ಲೇ ನಿಂತಿತು. ಆ ಸಾಲನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓದಿಕೊಂಡ. ಹಿತ್ತಲ ಬಾಗಿಲಲ್ಲಿದ್ದ ಚೊಂಬನ್ನು ನೋಡಿದ, ಹಣೆಯ ಮೇಲಿನ ಒದ್ದೆ ಬಟ್ಟೆ ನೋಡಿದ, ಕೊನೆಗೆ ಕನ್ನಡಕದ ಮೇಲಿಂದ ಚಂದ್ರಯ್ಯನ ಮುಖ ನೋಡಿದ. "'...ಒಂದು ಹನಿಯೂ ಅವನ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ,'" ಎಂದು ಮೆಲ್ಲಗೆ ಓದಿ ಮುಗಿಸಿ, ಕಾಗದವನ್ನು ಮಡಿಸಿ, ತನ್ನ ಜೇಬಿಗೇ ಮತ್ತೆ ಇಟ್ಟುಕೊಂಡ. "ಚಂದ್ರಯ್ಯ, ಎಂಟ್ ಸಲ ಅಂದ್ಯಲ್ಲ?"